ಗೌರಿ-ಗಣೇಶ ತಿಥಿಗೋ, ಶನಿವಾರಕ್ಕೋ? ಮ್ಯೂನಿಕ್‌ನಲ್ಲಿ ಮೊದಲ ಹಬ್ಬ, ಸಲಹೆ ಕೊಡಿ

ತುಂಗೆಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ. ಈ ವರ್ಷ, 2026ರ ಫೆಬ್ರವರಿಯಲ್ಲಿ ಮ್ಯೂನಿಕ್ ಪಕ್ಕದ ಇಸ್ಮಾನಿಂಗ್‌ಗೆ ಬಂದಿದ್ದೇವೆ. ಯುಗಾದಿ ಹೊತ್ತಿಗೆ ಮನೆಯಲ್ಲಿ ಸಾಮಾನು ಕೂಡ ಬಿಚ್ಚಿರಲಿಲ್ಲ, ಹಬ್ಬ ಹಾಗೇ ಕಳೆದುಹೋಯಿತು. ಗೌರಿ-ಗಣೇಶವನ್ನಾದರೂ ಚೆನ್ನಾಗಿ ಮಾಡಬೇಕು ಅಂತ ಆಸೆ. ಅತ್ತೆ ಊರಿಂದ ಬಂದಿದ್ದಾರೆ. ಮಗಳು ಒಂದನೇ ಕ್ಲಾಸಿಗೆ ಸೇರುವ ವರ್ಷ ಬೇರೆ.

ಗಣೇಶ ಚೌತಿ ಸೆಪ್ಟೆಂಬರ್ 14, ಸೋಮವಾರ. ಇಲ್ಲಿ ಪರಿಚಯವಾದ ಕನ್ನಡದವರು 19ರ ಶನಿವಾರ ಹಾಲ್ ತಗೊಂಡು ಒಟ್ಟಿಗೆ ಮಾಡೋಣ ಅಂತಿದ್ದಾರೆ. ನಮ್ಮ ಯಜಮಾನರಿಗೂ ಶನಿವಾರವೇ ಸಾಕು ಅನ್ನಿಸಿದೆ. ಅತ್ತೆ ಒಪ್ಪುತ್ತಿಲ್ಲ. "ಚೌತಿ ಮುಗಿದ ಮೇಲೆ ಎಂಥ ಚೌತಿ?" ಅಂತ ಕೇಳುತ್ತಾರೆ. ನನ್ನ ಮನಸ್ಸೂ ಅತ್ತೆ ಕಡೆಗೇ ಇದೆ. ಆದರೆ ಇಲ್ಲಿನ ರೀತಿ-ನೀತಿ ಗೊತ್ತಿಲ್ಲದೆ ಧೈರ್ಯ ಸಾಲುತ್ತಿಲ್ಲ.

ಸೋಮವಾರ ಮಾಡಿದರೆ ಮಗಳಿಗೆ ಶಾಲೆಯಲ್ಲಿ ರಜೆ ಕೇಳಬೇಕಾ? ನಮ್ಮದು ಬಾಡಿಗೆ ಮನೆ, ಮೂರನೇ ಮಹಡಿ. ಗಂಟೆ ಬಾರಿಸಿದರೆ, ಧೂಪ ಹಾಕಿದರೆ ಅಕ್ಕಪಕ್ಕದವರು ಏನಾದರೂ ಅಂತಾರಾ? ಗಣಪತಿ ಎಲ್ಲಿ ಬಿಡೋದು? ಇಸಾರ್ ನದಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇದೆ.

ಇಸಾರ್ ದಂಡೆ

ಕೊನೆ ಪ್ರಶ್ನೆಗೆ ಮೊದಲು ಉತ್ತರ. ಇಸಾರ್‌ಗೆ ಬಿಡಲೇಬೇಡಿ. ಇಲ್ಲಿ ಹೊಳೆ, ಕೆರೆಗೆ ಅನುಮತಿ ಇಲ್ಲದೆ ಏನನ್ನೂ ಹಾಕುವ ಹಾಗಿಲ್ಲ. ಬರೀ ಮಣ್ಣಿನ ಮೂರ್ತಿ ಅಂದರೂ ಕೇಳುವುದಿಲ್ಲ. ಬಾಲ್ಕನಿಯಲ್ಲಿ ದೊಡ್ಡ ಬಕೆಟ್ ಇಟ್ಟು ಅದರಲ್ಲಿ ಬಿಡಿ, ಕರಗಿದ ಮಣ್ಣನ್ನು ಕುಂಡಕ್ಕೆ ಹಾಕಿ. ಬೆಂಗಳೂರಲ್ಲೂ ಈಗ ಎಷ್ಟೋ ಮನೆಯವರು ಹೀಗೇ ಮಾಡುತ್ತಾರೆ.

ಮಲ್ಲಿಗೆ ಸ್ಟುಟ್‌ಗಾರ್ಟ್

ನಿಮ್ಮ ಅತ್ತೆ ಹೇಳಿದ್ದೇ ಸರಿ. ಪೂಜೆ ಸೋಮವಾರ ಮನೆಯಲ್ಲಿ, ಊಟ ಶನಿವಾರ ಎಲ್ಲರ ಜೊತೆ. ಇದರಲ್ಲಿ ಗೊಂದಲ ಯಾಕೆ?

ಶಾಲೆ ವಿಷಯದಲ್ಲಿ ನೀವು ಅದೃಷ್ಟವಂತರು. ನಿಮ್ಮ ಬವೇರಿಯಾ ರಾಜ್ಯದಲ್ಲಿ ಈ ಸಲ ಬೇಸಿಗೆ ರಜೆ 14ರವರೆಗೂ ಇದೆ. ಶಾಲೆ ಶುರುವಾಗುವುದು 15ರ ಮಂಗಳವಾರ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ರಜೆ 12ಕ್ಕೇ ಮುಗಿಯುತ್ತದೆ. ಅಂದರೆ ಚೌತಿ ದಿನವೇ ಶಾಲೆಯ ಮೊದಲ ದಿನ. ಧಾರ್ಮಿಕ ಹಬ್ಬಕ್ಕೆ ಒಂದು ದಿನ ಬಿಡುವು ಕೇಳಲು ಇಲ್ಲಿ ಅವಕಾಶ ಇದೆ. ಮುಂಚೆಯೇ ಬರೆದು ಕೊಡಬೇಕು, ಶಾಲೆ ಒಪ್ಪಬೇಕು. ಆದರೆ ಮೊದಲ ದಿನವೇ ಮಗನನ್ನು ತಪ್ಪಿಸಲು ನನಗೆ ಮನಸ್ಸಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಪೂಜೆ ಮುಗಿಸಿ ಕಳಿಸುತ್ತೇವೆ.

ತುಂಗೆಯ ಮಗಳು

ಅಯ್ಯೋ, 15ಕ್ಕೆ ಶಾಲೆ ಶುರು ಅಂತ ಗೊತ್ತಿತ್ತು. 14 ರಜೆಯಲ್ಲೇ ಬರುತ್ತೆ ಅಂತ ಜೋಡಿಸಿ ನೋಡಿರಲೇ ಇಲ್ಲ! ಒಂದು ಚಿಂತೆ ಕಳೆಯಿತು ಮಲ್ಲಿಗೆ ಅವರೇ.

ಪಂಚಾಂಗ ಪ್ರಿಯ

ಇಲ್ಲಿ ಇನ್ನೊಂದು ವಿಷಯ ಇದೆ. ಗಣೇಶ ಸೋಮವಾರ ಸರಿ. ಗೌರಿ ಯಾವತ್ತು ಮಾಡುತ್ತೀರಿ?

ಈ ವರ್ಷ ಬೆಂಗಳೂರು ಲೆಕ್ಕದಲ್ಲಿ ತದಿಗೆ ಮುಗಿದು ಚೌತಿ ಶುರುವಾಗುವುದು ಸೋಮವಾರ ಬೆಳಿಗ್ಗೆ ಏಳು ದಾಟುತ್ತಿದ್ದ ಹಾಗೆ. ಸೂರ್ಯ ಹುಟ್ಟುವಾಗ ಅಲ್ಲಿ ಇನ್ನೂ ತದಿಗೆ. ಹಾಗಾಗಿ ಊರಲ್ಲಿ ಗೌರಿ, ಗಣೇಶ ಎರಡೂ ಸೋಮವಾರವೇ. ತಿಥಿ ಬದಲಾಗುವ ಕ್ಷಣ ಭೂಮಿ ಮೇಲೆ ಎಲ್ಲ ಕಡೆ ಒಂದೇ, ಬದಲಾಗುವುದು ಗಡಿಯಾರ ಮತ್ತು ಸೂರ್ಯೋದಯ. ಸೆಪ್ಟೆಂಬರ್‌ನಲ್ಲಿ ಜರ್ಮನಿ ನಮ್ಮೂರಿಗಿಂತ ಮೂರೂವರೆ ಗಂಟೆ ಹಿಂದೆ. ಅದೇ ಕ್ಷಣ ಮ್ಯೂನಿಕ್‌ನಲ್ಲಿ ಬೆಳಗಿನ ಜಾವ ಮೂರೂವರೆ ಆಗಿರುತ್ತದೆ. ಸೋಮವಾರ ಇಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ತದಿಗೆ ಮುಗಿದು ಚೌತಿ ನಡೆಯುತ್ತಿರುತ್ತದೆ. ತದಿಗೆ ಸೂರ್ಯೋದಯಕ್ಕೆ ಸಿಗುವುದು 13ರ ಭಾನುವಾರ.

ಹಾಗಾಗಿ ಇಲ್ಲಿ ಗೌರಿ ಭಾನುವಾರ, ಗಣೇಶ ಸೋಮವಾರ. ಗಣೇಶನಿಗೆ ಮಧ್ಯಾಹ್ನದ ಹೊತ್ತಿಗೆ ಚೌತಿ ಇರಬೇಕು ಅನ್ನೋದು ಲೆಕ್ಕ, ಅದು ಎರಡೂ ಕಡೆ ಸೋಮವಾರವೇ ಸಿಗುತ್ತದೆ.

ಧಾರವಾಡದಾಕಿ

ಪಂಚಾಂಗ ಅವರೇ, ನೀವು ಹೇಳೋದು ಲೆಕ್ಕಕ್ಕೆ ಸರಿ ಇರಬಹುದು. ಆದ್ರ ನಮ್ಮ ಮನಿಯೊಳಗ ಅವ್ವ ಯಾವತ್ತು ಮಾಡ್ತಾಳೋ ನಾನೂ ಅವತ್ತೇ ಮಾಡೋದು. ಆಕಿ ಅಲ್ಲಿ ಆರತಿ ಎತ್ತುವಾಗ ನಾನು ಇಲ್ಲಿ ವಿಡಿಯೊ ಕಾಲ್‌ನಲ್ಲಿ ಎತ್ತಬೇಕು. ಆಕಿ ಸೋಮವಾರ ಗೌರಿ ಕೂಡಿಸಿದರ ನಾನು ಭಾನುವಾರ ಒಬ್ಬಾಕಿನೇ ಕೂಡಿಸಿ ಏನು ಮಾಡ್ಲಿ?

ಪಂಚಾಂಗ ಪ್ರಿಯ

ಅಕ್ಕ, ನಾವು ಇರುವ ಊರಿನ ಸೂರ್ಯನನ್ನು ನೋಡಿ ಮಾಡಬೇಕು ಅನ್ನೋದೇ ಪಂಚಾಂಗದ ಮೂಲ. ಬೆಂಗಳೂರಿನ ಸೂರ್ಯೋದಯ ಹಿಡಿದು ಮ್ಯೂನಿಕ್‌ನಲ್ಲಿ ಸಂಕಲ್ಪ ಮಾಡಿದರೆ ಅದಕ್ಕೆ ಅರ್ಥ ಇರುವುದಿಲ್ಲ. ಸಂಕಲ್ಪದಲ್ಲಿ ದೇಶ-ಕಾಲ ಹೇಳುತ್ತೇವಲ್ಲ, ಯಾವ ದೇಶ ಅಂತ ಹೇಳುತ್ತೀರಿ?

ಧಾರವಾಡದಾಕಿ

ನನ್ನ ಸಂಕಲ್ಪ ಅವ್ವನ ಜೋಡಿ ಇರಬೇಕು ಅನ್ನೋದೇ. ಅಷ್ಟೇ.

ಇಸಾರ್ ದಂಡೆ

ಇಬ್ಬರೂ ಜಗಳ ಆಡಬೇಡಿ. ತುಂಗೆಯ ಮಗಳಿಗೆ ಇದರಿಂದ ಅನುಕೂಲವೇ ಆಯಿತು. ಭಾನುವಾರ ಗೌರಿ ಅಂದರೆ ಯಜಮಾನರಿಗೂ ರಜೆ. ಸೋಮವಾರ ಒಂದು ದಿನ ರಜೆ ಹಾಕಿದರೆ ಮುಗಿಯಿತು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರ ರಾತ್ರಿ ಎಂಟಕ್ಕೆ ಬವೇರಿಯಾದಲ್ಲಿ ಎಲ್ಲ ಬಾಗಿಲು ಹಾಕುತ್ತಾರೆ. ಎರಡೂ ದಿನದ ಸಾಮಾನು ಶನಿವಾರ ಸಂಜೆಯೊಳಗೆ ಮನೆಯಲ್ಲಿರಬೇಕು. ತೆಂಗಿನಕಾಯಿ ಒಡೆದಾಗ ಕೆಟ್ಟಿತ್ತು ಅಂತ ಇನ್ನೊಂದಕ್ಕೆ ಓಡುವ ಹಾಗಿಲ್ಲ. ಒಂದೆರಡು ಜಾಸ್ತಿಯೇ ತಂದಿಡಿ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ, ಹಾಲು-ಹಣ್ಣಿಗೆ ಸಾಕು.

ಆಖೆನ್ ಹುಡುಗ

ಇಲ್ಲಿ ಯಾರೂ ನಮ್ಮಂಥವರ ಬಗ್ಗೆ ಯೋಚನೆ ಮಾಡುತ್ತಿಲ್ಲ. ನಾನು ಮಾಸ್ಟರ್ಸ್ ಮಾಡುತ್ತಿರುವವನು. ಹಾಸ್ಟೆಲ್‌ನಲ್ಲಿ ಒಂದು ಫ್ಲೋರಿಗೆ ಒಂದೇ ಅಡುಗೆಮನೆ. ತಿಥಿ ದಿನ ನನಗೆ ಹಬ್ಬ ಅಂತ ಗೊತ್ತಾಗುವುದೇ ಅಮ್ಮನ ಮೆಸೇಜ್ ಬಂದಾಗ. ಶನಿವಾರ ಯಾರಾದರೂ ಹಾಲ್‌ನಲ್ಲಿ ಹಬ್ಬ ಮಾಡಿ ಕರೆದರೆ ಮಾತ್ರ ನನಗೆ ಕೋಸಂಬರಿ, ಪಾಯಸ. ಎಲ್ಲರೂ "ತಿಥಿಗೇ ಮಾಡುತ್ತೇವೆ, ಮನೆಯಲ್ಲೇ ಮಾಡುತ್ತೇವೆ" ಅಂತ ಬಾಗಿಲು ಹಾಕಿಕೊಂಡರೆ ನಾವೆಲ್ಲಿಗೆ ಹೋಗೋದು?

ಮಲ್ಲಿಗೆ ಸ್ಟುಟ್‌ಗಾರ್ಟ್

ಬಾಗಿಲು ಹಾಕಿಕೊಳ್ಳಿ ಅಂತ ಯಾರು ಹೇಳಿದರು ಪುಟ್ಟ? ಪೂಜೆ ತಿಥಿಗೆ, ಊಟ ಶನಿವಾರಕ್ಕೆ ಅಂತಲೇ ಹೇಳಿದ್ದು.

ಕುಡ್ಲದ ನರ್ಸ್

ಆಖೆನ್ ಹುಡುಗ ಹೇಳಿದ್ದರಲ್ಲಿ ನಿಜ ಇದೆ. ನಾನು ಆಸ್ಪತ್ರೆಯಲ್ಲಿ ಪಾಳಿ ಕೆಲಸದವಳು. ಪಾಳಿ ಪಟ್ಟಿ ಮೊದಲೇ ಗೋಡೆಗೆ ಅಂಟಿಸಿರುತ್ತಾರೆ. ಅದರಲ್ಲಿ ಯಾವ ಹಬ್ಬವೂ ಇರುವುದಿಲ್ಲ, ಇಂಥ ದಿನ ಮುಂಜಾನೆ ಪಾಳಿ, ಇಂಥ ದಿನ ರಾತ್ರಿ ಪಾಳಿ, ಅಷ್ಟೇ.

ನಾವು ಮಂಗಳೂರಿನ ಕ್ಯಾಥೊಲಿಕರು. ನಮಗೆ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮೇರಿ ಮಾತೆಯ ಹುಟ್ಟುಹಬ್ಬ. ಮಕ್ಕಳು ಹೂವು ಕಿತ್ತು ತಂದು ಮಾತೆಗೆ ಅರ್ಪಿಸುತ್ತಾರೆ, ಹೊಸ ತೆನೆಗೆ ಆಶೀರ್ವಾದ, ಆಮೇಲೆ ಮನೆಮಂದಿಯೆಲ್ಲ ಕೂತು ಸಸ್ಯಾಹಾರಿ ಊಟ. ಈ ವರ್ಷ ಅದು ಮಂಗಳವಾರ ಬಂದಿದೆ. ನಾವು ಒಂದಿಷ್ಟು ಮನೆಯವರು ಭಾನುವಾರ ಸೇರಿ ಮಾಡುತ್ತೇವೆ. ಭತ್ತದ ತೆನೆ ಇಲ್ಲಿ ಸಿಗುವುದಿಲ್ಲ. ಊರಿಂದ ಒಣಗಿದ ತೆನೆ ತರಿಸಿಟ್ಟಿದ್ದೇನೆ. ಒಂದೊಂದು ಕಾಳು ಸುಲಿದು ಪಾಯಸಕ್ಕೆ ಹಾಕುತ್ತೇವೆ, ಎಲ್ಲರ ಬಟ್ಟಲಿಗೂ ಬರಲಿ ಅಂತ. ಭಾನುವಾರ ಮಾಡಿದ್ದಕ್ಕೆ ಹಬ್ಬ ಕಮ್ಮಿ ಆಯಿತು ಅಂತ ನಮಗೆ ಯಾರಿಗೂ ಅನ್ನಿಸಿಲ್ಲ.

ತಿಥಿಗೆ ಮಾಡಲು ಆಗುವವರು ಮಾಡಿ. ಆಗದವರನ್ನು ಕೀಳಾಗಿ ಕಾಣಬೇಡಿ.

ಪಂಚಾಂಗ ಪ್ರಿಯ

ಕೀಳಾಗಿ ಕಾಣುವ ಮಾತೇ ಇಲ್ಲ ಸಿಸ್ಟರ್. ನನ್ನ ತಕರಾರು ಬೇರೆ. ರಜೆ ಹಾಕಲು ಆಗುವವರೂ ಹಾಕುವುದಿಲ್ಲ. ಇಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ಕಾನೂನಿನ ಪ್ರಕಾರವೇ ವರ್ಷಕ್ಕೆ ಕನಿಷ್ಠ 20 ದಿನ ರಜೆ ಇದೆ. ಬಹಳ ಕಂಪನಿಗಳು 28, 30 ಕೊಡುತ್ತವೆ. ಸ್ಪೇನ್‌ಗೆ ಹೋಗಲು ಹತ್ತು ದಿನ ಇರುತ್ತೆ, ಚೌತಿಗೆ ಒಂದು ದಿನ ಇರಲ್ವಾ?

ಆಗ್ಸ್‌ಬರ್ಗ್ ಅಣ್ಣ

ರಜೆ ವಿಷಯ ಬಂತು ಅಂತ ಹೇಳುತ್ತೇನೆ. ನಮ್ಮ ಆಗ್ಸ್‌ಬರ್ಗ್‌ನಲ್ಲಿ ಆಗಸ್ಟ್ 8ಕ್ಕೆ ಶಾಂತಿ ಹಬ್ಬ ಅಂತ ಒಂದು ಸರಕಾರಿ ರಜೆ ಇದೆ, ಈ ಒಂದು ಊರಿಗೆ ಮಾತ್ರ. ಜರ್ಮನಿಯಲ್ಲೇ ಅತಿ ಹೆಚ್ಚು ಸರಕಾರಿ ರಜೆ ಇರುವ ಊರು ನಮ್ಮದು. ಪಕ್ಕದ ಹಳ್ಳಿಯವರು ಅವತ್ತು ಕೆಲಸಕ್ಕೆ ಹೋಗುತ್ತಾರೆ, ನಾವು ಮನೆಯಲ್ಲಿ.

ತುಂಗೆಯ ಮಗಳು

ಯಜಮಾನರು ಫೆಬ್ರವರಿಯಲ್ಲಿ ಸೇರಿದ್ದು. ಪ್ರೊಬೇಷನ್ ಆರು ತಿಂಗಳು ಅಂತಿದ್ದರು. ರಜೆ ಕೇಳಿದರೆ ಏನಾದರೂ ಅಂತಾರೇನೋ ಅನ್ನೋದು ಅವರ ಹಿಂಜರಿಕೆ.

ಆಗ್ಸ್‌ಬರ್ಗ್ ಅಣ್ಣ

ತಂಗಿ, ಆಗಸ್ಟ್‌ಗೆ ಆರು ತಿಂಗಳು ಆಗಿರುತ್ತಲ್ಲ. ಪ್ರೊಬೇಷನ್‌ನಲ್ಲಿ ಕೂಡ ತಿಂಗಳಿಗೆ ಹನ್ನೆರಡನೇ ಒಂದು ಭಾಗದ ಲೆಕ್ಕದಲ್ಲಿ ರಜೆ ಸೇರುತ್ತಾ ಹೋಗುತ್ತೆ. ಆರು ತಿಂಗಳಾದ ಮೇಲೆ ಪೂರ್ತಿ ರಜೆಯ ಹಕ್ಕು ಬರುತ್ತದೆ. ಧೈರ್ಯವಾಗಿ ಕೇಳಲಿ. "ನಮ್ಮ ದೊಡ್ಡ ಹಬ್ಬ ಇದೆ" ಅಂತ ನೇರವಾಗಿ ಹೇಳಿದರೆ ಇಲ್ಲಿನ ಮ್ಯಾನೇಜರ್‌ಗಳು ಗೌರವ ಕೊಡುತ್ತಾರೆ. ಸುತ್ತಿ ಬಳಸಿ ಹೇಳಿದರೆ ಅವರಿಗೆ ಅರ್ಥ ಆಗುವುದಿಲ್ಲ.

ಹೊಲದ ಹೂವು

ಎಲ್ಲರೂ ದಿನದ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೂರ್ತಿ, ಹೂವು, ಎಲೆ ಎಲ್ಲಿಂದ ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ಮೂರ್ತಿ ಮನೆಯಲ್ಲೇ ಮಾಡಿ. ಮಕ್ಕಳಿದ್ದರೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಕ್ರಾಫ್ಟ್ ಅಂಗಡಿಯಲ್ಲಿ ಮಡಕೆ ಮಾಡುವ ಜೇಡಿಮಣ್ಣು ಸಿಗುತ್ತದೆ, ಡಬ್ಬದ ಮೇಲೆ "ಟೋನ್" ಅಂತ ಬರೆದಿರುತ್ತೆ. ಒಲೆ ಬೇಡ, ಗಾಳಿಗೆ ಒಣಗಿ ಗಟ್ಟಿಯಾಗುತ್ತೆ ಅಂತ ಮಾರುವ ಮಣ್ಣು ತರಬೇಡಿ. ಅದರಲ್ಲಿ ಅಂಟು ಬೆರೆಸಿರುತ್ತಾರೆ, ಬಕೆಟ್‌ನಲ್ಲಿ ರಾತ್ರಿಯೆಲ್ಲ ಇಟ್ಟರೂ ಸರಿಯಾಗಿ ಕರಗುವುದಿಲ್ಲ. ಬರೀ ಜೇಡಿಮಣ್ಣಾದರೆ ಮೊದಲು ಕಿವಿ ಬಿಡುತ್ತದೆ, ಆಮೇಲೆ ಸೊಂಡಿಲು, ನಿಧಾನಕ್ಕೆ ಇಡೀ ಮೂರ್ತಿ ಕೂತುಬಿಡುತ್ತದೆ. ಮೂರ್ತಿ ತೀರಾ ದಪ್ಪ ಮಾಡಬೇಡಿ, ಬಿರುಕು ಬಿಡುತ್ತೆ. ಬುಧವಾರ, ಗುರುವಾರವೇ ಮಾಡಿ ನೆರಳಲ್ಲಿ ಇಡಿ.

ಹೂವಿಗೆ ಅಂಗಡಿಗೆ ಹೋಗಲೇಬೇಡಿ. ಮ್ಯೂನಿಕ್ ಸುತ್ತಮುತ್ತ ರಸ್ತೆ ಪಕ್ಕದಲ್ಲಿ ಹೂವಿನ ಹೊಲಗಳಿವೆ, ನೀವೇ ಕೊಯ್ದುಕೊಳ್ಳುವಂಥವು. ಒಂದು ಹಲಗೆ ಮೇಲೆ ಬೆಲೆ ಬರೆದಿರುತ್ತಾರೆ, ಡೇಲಿಯಾಗೆ ಇಷ್ಟು, ಗ್ಲಾಡಿಯೋಲಸ್‌ಗೆ ಇಷ್ಟು, ಸೂರ್ಯಕಾಂತಿಗೆ ಇಷ್ಟು ಅಂತ. ಪಕ್ಕದಲ್ಲಿ ಚಾಕು, ಕಾಸು ಹಾಕಲು ಕಬ್ಬಿಣದ ಡಬ್ಬಿ. ಕಾಯಲು ಯಾರೂ ಇರುವುದಿಲ್ಲ. ಎಣಿಸಿ, ಕಾಸು ಹಾಕಿ ಬರಬೇಕು. ಚಿಲ್ಲರೆ ತಗೊಂಡು ಹೋಗಿ, ಕಾರ್ಡ್ ನಡೆಯುವುದಿಲ್ಲ. ಭಾನುವಾರವೂ ಹೋಗಬಹುದು. ಬೆಳಿಗ್ಗೆ ಬೇಗ ಹೋದರೆ ಡೇಲಿಯಾ ಮೇಲೆ ಇಬ್ಬನಿ ಇರುತ್ತೆ, ಗೌರಿಗೆ ಅದನ್ನೇ ಇಡಿ. ಗರಿಕೆಗೆ ನಾನು ಪರಿಚಯದವರ ತೋಟದ ಹುಲ್ಲಿನಲ್ಲಿ ಹುಡುಕಿ ಮೂರು ಎಸಳಿನದ್ದು ಆರಿಸಿ ತರುತ್ತೇನೆ.

ಮಲ್ಲಿಗೆ ಸ್ಟುಟ್‌ಗಾರ್ಟ್

ಬಾಳೆ ಎಲೆ, ಮಾವಿನ ಎಲೆಗೆ ಶ್ರೀಲಂಕಾ ತಮಿಳರ ಅಂಗಡಿಗಳೇ ಗತಿ. ಅವರ ಹತ್ತಿರ ಇಲ್ಲದ್ದು ಇಲ್ಲ. ಬಾಳೆ ಎಲೆ ಫ್ರೀಜರ್‌ನಲ್ಲೂ ಸಿಗುತ್ತೆ, ಕಾಯಿತುರಿಯೂ ಸಿಗುತ್ತೆ. ಕಡುಬಿಗೆ ಕಾಯಿತುರಿ ಹಿಂದಿನ ರಾತ್ರಿಯೇ ಹೊರಗಿಟ್ಟು ನೀರು ಹಿಂಡಿ. ಇಲ್ಲದಿದ್ದರೆ ಹೂರಣ ನೀರಾಗುತ್ತೆ.

ರೈನ್ ತೀರ

ತಮಿಳರ ವಿಷಯ ಬಂತಲ್ಲ. ನಮ್ಮ ಕಡೆ ಹಾಮ್ ಊರಿನಲ್ಲಿ ಕಾಮಾಕ್ಷಿ ಅಮ್ಮನ ಗುಡಿ ಇದೆ, 2002ರಲ್ಲಿ ಪ್ರತಿಷ್ಠೆ ಆಗಿದ್ದು. ಶ್ರೀಲಂಕಾದಿಂದ ನಿರಾಶ್ರಿತರಾಗಿ ಬಂದ ತಮಿಳರು ಕಟ್ಟಿದ್ದು. ಬೇಸಿಗೆ ಶುರುವಿನಲ್ಲಿ ತೇರು ಎಳೆಯುತ್ತಾರೆ, ಸಾವಿರಾರು ಜನ ಸೇರುತ್ತಾರೆ. ಸುತ್ತ ಕಾರ್ಖಾನೆ, ಗೋದಾಮು. ಅದರ ಮಧ್ಯೆ ಕಾವಡಿ ಹೊತ್ತವರು, ಮಡಕೆಯಲ್ಲಿ ಕರ್ಪೂರ ಉರಿಸಿ ನಡೆಯುವವರು. ದೇವಿಯನ್ನು ಪಕ್ಕದ ಕಾಲುವೆಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸುತ್ತಾರೆ. ಅವರು ಆಡಳಿತದವರ ಜೊತೆ ಕೂತು ಮಾತಾಡಿ, ಅನುಮತಿ ತಗೊಂಡು ವರ್ಷಾನುಗಟ್ಟಲೆ ನಡೆಸಿಕೊಂಡು ಬಂದಿದ್ದಾರೆ. ನಾವು ಕನ್ನಡದವರು ಶನಿವಾರ ಹಾಲ್ ಸಿಕ್ಕಿದರೆ ಸಾಕು ಅಂತ ಕೂತಿದ್ದೇವೆ. ಇದು ನನಗೆ ನೋವಿನ ವಿಷಯ.

ಆಖೆನ್ ಹುಡುಗ

ಅವರು ಮನೆ-ಮಠ ಬಿಟ್ಟು ಬಂದವರು. ಇಲ್ಲೇ ನೆಲೆ ನಿಲ್ಲಬೇಕಿತ್ತು. ನಮ್ಮಲ್ಲಿ ಅರ್ಧ ಜನ ಮೂರು ವರ್ಷಕ್ಕೆ ವಾಪಸ್ ಹೋಗುವ ಯೋಚನೆಯಲ್ಲೇ ಇರುತ್ತಾರೆ. ಹೋಲಿಸೋದು ಸರಿ ಅಲ್ಲ.

ರೈನ್ ತೀರ

ಮೂರು ವರ್ಷ ಅಂತ ಬಂದವರೇ ಹದಿನೈದು ವರ್ಷದಿಂದ ಇಲ್ಲಿದ್ದಾರೆ ಮಾರಾಯ. ಮಕ್ಕಳು ಇಲ್ಲೇ ಕಾಲೇಜು ಸೇರಿದ್ದಾರೆ. ವಾಪಸ್ ಹೋಗುತ್ತೇವೆ ಅಂತ ಹೇಳಿಕೊಂಡೇ ಏನೂ ಕಟ್ಟದೆ ಉಳಿದಿದ್ದೇವೆ.

ಇಸಾರ್ ದಂಡೆ

ಹೊಗೆ, ಸದ್ದಿನ ಬಗ್ಗೆ ಕೇಳಿದ್ದರಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಇಡೀ ದಿನ ಶಾಂತಿಯ ದಿನ. ಡ್ರಿಲ್ ಹೊಡೆಯುವುದು, ಹುಲ್ಲು ಕತ್ತರಿಸುವ ಮಷೀನ್, ಇಂಥವು ಏನೂ ಬೇಡ. ಹಾಗಂತ ಆರತಿ ಹೊತ್ತಿಗೆ ಗಂಟೆ ಬಾರಿಸಿದರೆ ಯಾರೂ ಬಂದು ಬಾಗಿಲು ತಟ್ಟುವುದಿಲ್ಲ. ಗೌರಿ ಹಾಡು ನೆಮ್ಮದಿಯಾಗಿ ಹಾಡಿ. ಸ್ಪೀಕರ್ ಮಾತ್ರ ಬೇಡ.

ಮಲಗುವ ಕೋಣೆ, ಮಕ್ಕಳ ಕೋಣೆ, ಕಾರಿಡಾರ್‌ನ ಚಾವಣಿಯಲ್ಲಿ ಹೊಗೆ ಕಂಡುಹಿಡಿಯುವ ಬಿಳಿ ಡಬ್ಬಿ ಇರುತ್ತೆ. ಕಾನೂನಿನ ಪ್ರಕಾರ ಇರಲೇಬೇಕು. ಅದನ್ನು ಬಿಚ್ಚಿಡುವ ಕೆಲಸ ಮಾಡಬೇಡಿ. ಪೂಜೆಯನ್ನು ಅದರಿಂದ ದೂರ, ಕಿಟಕಿ ಪಕ್ಕ ಇಡಿ. ಧೂಪ ಕಮ್ಮಿ ಮಾಡಿ, ಕರ್ಪೂರ ಒಂದೇ ಬಿಲ್ಲೆ ಸಾಕು. ಹೋಮದ ಯೋಚನೆ ಬಾಡಿಗೆ ಮನೆಯಲ್ಲಿ ಬೇಡವೇ ಬೇಡ. ಶನಿವಾರದ ಹಾಲ್‌ನವರಿಗೂ ಇದು ಹೇಳಿ. ದೊಡ್ಡ ಹಾಲ್‌ಗಳಲ್ಲಿ ಅಲಾರಂ ನೇರವಾಗಿ ಅಗ್ನಿಶಾಮಕ ದಳಕ್ಕೆ ಹೋಗುವ ಹಾಗೆ ಇರುತ್ತೆ. ಸುಮ್ನೆ ಆರತಿ ಹೊಗೆಗೆ ಅವರು ಓಡಿ ಬಂದರೆ ಖರ್ಚು ನಿಮ್ಮ ತಲೆಗೆ.

ಮೆಟ್ಟಿಲ ಹತ್ತಿರ ಒಂದು ಚೀಟಿ ಅಂಟಿಸಿ. "ಸೋಮವಾರ ನಮ್ಮ ಹಬ್ಬ, ಮಧ್ಯಾಹ್ನ ಸ್ವಲ್ಪ ಜನ ಬರುತ್ತಾರೆ, ನೀವೂ ಬನ್ನಿ" ಅಂತ ಎರಡು ಸಾಲು ಬರೆದರೆ ಸಾಕು. ನಮ್ಮ ಬಿಲ್ಡಿಂಗ್‌ನಲ್ಲಿ ಕೆಳಗಿನ ಮನೆಯ ಅಜ್ಜಿ ಈಗ ಆಗಸ್ಟ್‌ನಲ್ಲೇ ಕೇಳುತ್ತಾರೆ, "ಆನೆ ದೇವರು ಯಾವತ್ತು ಬರೋದು?" ಅಂತ.

ಹೊಲದ ಹೂವು

ಪೂಜೆ ಆದ ಮೇಲಿನ ಹೂವು, ಬಾಳೆ ಎಲೆ ಎಲ್ಲ ಹಸಿ ಕಸದ ಡಬ್ಬಿಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಬೇಡಿ. ಕರಿದ ಎಣ್ಣೆ ಸಿಂಕ್‌ಗೆ ಸುರಿಯಲೇಬೇಡಿ.

ಆಖೆನ್ ಹುಡುಗ

ದೀಪಾವಳಿಗೆ ಪಟಾಕಿ ಹೊಡೆಯಬಹುದಾ ಅಂತಲೂ ಹೇಳಿಬಿಡಿ. ಮುಂದಿನ ಪ್ರಶ್ನೆ ಅದೇ ಬರೋದು.

ಇಸಾರ್ ದಂಡೆ

ಇಲ್ಲ. ರಾಕೆಟ್, ಢಂ ಅನ್ನುವ ಪಟಾಕಿ ಜನಸಾಮಾನ್ಯರು ಹೊಡೆಯಬಹುದಾದದ್ದು ಡಿಸೆಂಬರ್ 31, ಜನವರಿ 1 ಮಾತ್ರ. ಮಾರಾಟವೂ ವರ್ಷದ ಕೊನೆ ಮೂರು ದಿನ. ಸುರ್‌ಸುರ್ ಬತ್ತಿ ಮಾತ್ರ ವರ್ಷಪೂರ್ತಿ ಸಿಗುತ್ತೆ, ಅದಕ್ಕೆ ಅಡ್ಡಿ ಇಲ್ಲ. ಈ ಸಲ ನರಕ ಚತುರ್ದಶಿ ನವೆಂಬರ್ 8, ಭಾನುವಾರ. ಬಾಲ್ಕನಿಯಲ್ಲಿ ಹಣತೆ, ಮಕ್ಕಳ ಕೈಗೆ ಸುರ್‌ಸುರ್ ಬತ್ತಿ. ಸಾಕು.

ಧಾರವಾಡದಾಕಿ

ಗೌರಿ ವಿಷಯಕ್ಕೆ ವಾಪಸ್ ಬರ್ತೀನಿ. ಬಾಗಿನಕ್ಕ ಮೊರ ಎಲ್ಲಿ ಸಿಗ್ತದ? ಯಾರೂ ಹೇಳಲಿಲ್ಲ.

ಹೊಲದ ಹೂವು

ಮೊರ ಊರಿಂದಲೇ ತರಬೇಕು ಅಕ್ಕ. ಸಣ್ಣ ಮೊರಗಳು ಒಂದರೊಳಗೊಂದು ಕೂತುಬಿಡುತ್ತವೆ, ಸೂಟ್‌ಕೇಸ್ ತಳದಲ್ಲಿ ಜಾಗವೇ ಹಿಡಿಯುವುದಿಲ್ಲ. ತುಂಗೆಯ ಮಗಳ ಅತ್ತೆ ತಂದಿರಬೇಕು ನೋಡಿ.

ತುಂಗೆಯ ಮಗಳು

ತಂದಿದ್ದಾರೆ! ಅರಿಶಿನ ಹಚ್ಚಿ ಒಣಗಿಸಿಯೇ ತಂದಿದ್ದಾರೆ. ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಎಲ್ಲ. ಈಗ ಅರ್ಥ ಆಯಿತು, ಯಾಕೆ ಅಷ್ಟು ಜೋರಾಗಿ ಶನಿವಾರ ಬೇಡ ಅಂತಿದ್ದಾರೆ ಅಂತ. ಊರಲ್ಲಿ ಹೊರಡುವ ಮುಂಚೆಯೇ ಮನಸ್ಸಲ್ಲಿ ಹಬ್ಬ ಮಾಡಿಕೊಂಡು ಬಂದಿದ್ದಾರೆ. ಬಾಗಿನ ಕೊಡಲು ಮುತ್ತೈದೆಯರು ಬೇಕಲ್ಲ, ಇಸ್ಮಾನಿಂಗ್‌ನಲ್ಲಿ ಯಾರಿದ್ದಾರೆ ಅಂತ ಹುಡುಕುತ್ತಿದ್ದೇನೆ.

ಇಸಾರ್ ದಂಡೆ

ನಮ್ಮಾಕೆ ಬರುತ್ತಾರೆ. ಎಸ್-ಬಾನ್ ಲೋಕಲ್ ರೈಲಿನಲ್ಲಿ ಹತ್ತಿರವೇ. ಮೆಸೇಜ್ ಹಾಕಿ.

ಕೊಡಗಿನ ಕಾಫಿ

ಮಧ್ಯೆ ಒಂದು ಬೇರೆ ಪ್ರಶ್ನೆ. ನಮ್ಮ ಅಪ್ಪ-ಅಮ್ಮನನ್ನು ಮುಂದಿನ ವರ್ಷ ಕರೆಸಬೇಕು ಅಂತಿದ್ದೇವೆ. ವೀಸಾಗೆ ಏನೇನು ಬೇಕು?

ಆಗ್ಸ್‌ಬರ್ಗ್ ಅಣ್ಣ

ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಕ್ಕೆ ಸೇರಿ ಒಂದೇ ವೀಸಾ. 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಕವರ್ ಇರುವ ಪ್ರಯಾಣ ವಿಮೆ ಬೇಕೇ ಬೇಕು. ಖರ್ಚು ನಾವು ನೋಡಿಕೊಳ್ಳುತ್ತೇವೆ ಅಂತ ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಡಬೇಕು, ಅದಕ್ಕೆ 29 ಯೂರೊ. ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕಷ್ಟ, ತಿಂಗಳುಗಟ್ಟಲೆ ಮುಂಚೆ ನೋಡಿ. ವಿಮೆ ತಗೊಳ್ಳುವಾಗ ಹಳೆಯ ಕಾಯಿಲೆ, ಬಿಪಿ, ಶುಗರ್‌ಗೆ ಏನು ಕೊಡುತ್ತಾರೆ ಅಂತ ಓದಿ. ಅಗ್ಗದ ವಿಮೆಯಲ್ಲಿ ಅದನ್ನೇ ಬಿಟ್ಟಿರುತ್ತಾರೆ. ನನ್ನ ಮಾವನಿಗೆ ಇಲ್ಲಿ ಎದೆನೋವು ಬಂದಾಗ ಆ ಕಷ್ಟ ಪಟ್ಟಿದ್ದೇವೆ.

ಕೊಡಗಿನ ಕಾಫಿ

ಬಹಳ ಉಪಕಾರ ಅಣ್ಣ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ಎಲ್ಲರೂ ಕೋಟೆ, ಬೆಟ್ಟ ಅಂತಲೇ ಹೇಳುತ್ತಾರೆ.

ನಿಘಂಟು ಪ್ರೇಮಿ

ಟ್ಯೂಬಿಂಗನ್‌ಗೆ ಕರೆದುಕೊಂಡು ಹೋಗಿ! ಕನ್ನಡದವರು ಜರ್ಮನಿಗೆ ಬಂದು ಆ ಊರು ನೋಡದೆ ಹೋಗಬಾರದು. ನಮ್ಮ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡಿದ್ದು ಅಲ್ಲಿಯೇ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು, ಆಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಲ್ಲಿಂದ ಕಾಲ್ವ್ ಊರಿಗೂ ಹೋಗಬಹುದು. ಮಲಯಾಳ ನಿಘಂಟಿನ ಗುಂಡರ್ಟ್ ಕೊನೆಗೆ ನೆಲೆಸಿದ್ದು ಅಲ್ಲಿ, ಅವರ ಮೊಮ್ಮಗ, ಸಾಹಿತಿ ಹೆರ್ಮನ್ ಹೆಸ್ಸೆ ಹುಟ್ಟಿದ್ದೂ ಅಲ್ಲೇ. 1843ರಲ್ಲಿ ಮಂಗಳೂರಲ್ಲಿ ನಮ್ಮ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ತಂದ ಮೋಗ್ಲಿಂಗ್ ಕೂಡ ಇದೇ ಸೀಮೆಯವರು, ಬ್ರಾಕನ್‌ಹೈಮ್ ಊರಿನವರು.

ಅಪ್ಪ-ಅಮ್ಮ ಬಂದಾಗ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿ. ಈಗ ತಿಂಗಳಿಗೆ 63 ಯೂರೊ. ಊರಿನ ಬಸ್ಸು, ಟ್ರಾಮ್, ದೇಶದ ಎಲ್ಲ ರೀಜನಲ್ ರೈಲಿಗೂ ನಡೆಯುತ್ತದೆ. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಮುಂದಿನ ತಿಂಗಳಿಗೆ ಬೇಡ ಅಂದರೆ ಈ ತಿಂಗಳ 10ರೊಳಗೆ ರದ್ದು ಮಾಡಬೇಕು. ಮರೆತರೆ ಇನ್ನೊಂದು ತಿಂಗಳ ದುಡ್ಡು ಹೋಯಿತು.

ಕುಡ್ಲದ ನರ್ಸ್

ಬಾಸೆಲ್‌ಗೂ ಹೋಗಿ. ನಮ್ಮ ಮಂಗಳೂರು ಹೆಂಚಿನ ಕಥೆ ಶುರುವಾಗುವುದೇ ಆ ಬಾಸೆಲ್ ಮಿಷನ್‌ನಿಂದ. 1865ರಲ್ಲಿ ನೇತ್ರಾವತಿ ದಂಡೆಯಲ್ಲಿ ಕಾರ್ಖಾನೆ ಹಾಕಿದ್ದು ಅವರೇ. ಸ್ವಿಟ್ಜರ್ಲೆಂಡ್ ಷೆಂಗೆನ್‌ನೊಳಗೇ ಇದೆ, ಬೇರೆ ವೀಸಾ ಬೇಡ.

ಧಾರವಾಡದಾಕಿ

ಗೌರಿ ಬಾಗಿನದಿಂದ ಮಂಗಳೂರು ಹೆಂಚಿಗೆ ಬಂದ್ವಿ. ಶನಿವಾರದ ಮಾತು ಇನ್ನೂ ಮುಗಿದಿಲ್ಲ.

ಆಗ್ಸ್‌ಬರ್ಗ್ ಅಣ್ಣ

ಹೌದು, ಆ ಶನಿವಾರದ ಬಗ್ಗೆ ಒಂದು ಮಾತು. ಸೆಪ್ಟೆಂಬರ್ 19 ಅಂದರೆ ಮ್ಯೂನಿಕ್‌ನ ದೊಡ್ಡ ಬಿಯರ್ ಜಾತ್ರೆ, ಈ ಸಲದ ಅಕ್ಟೋಬರ್‌ಫೆಸ್ಟ್ ಶುರುವಾಗುವ ದಿನ! ಹಾಲ್ ಬುಕ್ ಮಾಡಿದವರು ಇದನ್ನು ನೋಡಿದ್ದಾರಾ? ಬೆಳಿಗ್ಗೆಯಿಂದ ರೈಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊರ ಊರಿಂದ ಬರುವವರಿಗೆ ಹೋಟೆಲ್ ರೂಮಿನ ಬೆಲೆ ಎರಡು, ಮೂರು ಪಟ್ಟು. ಸೀರೆ ಉಟ್ಟು, ಪಾಯಸದ ಪಾತ್ರೆ ಹಿಡಿದು, ಆ ಜನಜಂಗುಳಿಯಲ್ಲಿ ಮಕ್ಕಳ ಜೊತೆ ಬರುವುದು ಕಷ್ಟ.

ತುಂಗೆಯ ಮಗಳು

ಅಯ್ಯೋ ದೇವರೇ. ಅವರು ಹೊಸ ಹಾಲ್ ಸಿಕ್ಕಿತು ಅಂತ ಖುಷಿಯಲ್ಲಿದ್ದರು. ಈಗಲೇ ಹೇಳುತ್ತೇನೆ.

ಪಂಚಾಂಗ ಪ್ರಿಯ

13ರ ಭಾನುವಾರವೇ ಎಲ್ಲರೂ ಸೇರಬಹುದಲ್ಲ? ಗೌರಿ ಹಬ್ಬದ ದಿನವೇ ಆಗುತ್ತೆ. ಎಲ್ಲರಿಗೂ ರಜೆ. ತಿಥಿಯೂ ತಪ್ಪುವುದಿಲ್ಲ, ಆಖೆನ್ ಹುಡುಗನಿಗೆ ಊಟವೂ ತಪ್ಪುವುದಿಲ್ಲ.

ಆಖೆನ್ ಹುಡುಗ

ಪಂಚಾಂಗ ಸರ್, ಈ ಮಾತು ಮೊದಲೇ ಹೇಳಿದ್ದರೆ ನಾನು ಜಗಳವೇ ಆಡುತ್ತಿರಲಿಲ್ಲ. ಆದರೆ ಆಖೆನ್‌ನಿಂದ ಮ್ಯೂನಿಕ್‌ಗೆ ರೀಜನಲ್ ರೈಲಿನಲ್ಲಿ ಇಡೀ ದಿನ ಬೇಕು.

ರೈನ್ ತೀರ

ನೀನು ಕಲೋನ್‌ಗೆ ಬಾ. ಭಾನುವಾರ ನಮ್ಮ ಮನೆಯಲ್ಲಿ ಗೌರಿ. ರೈಲಿನಲ್ಲಿ ಒಂದು ಗಂಟೆ. ಸ್ನೇಹಿತರನ್ನೂ ಕರೆದುಕೊಂಡು ಬಾ, ಮೊದಲೇ ಎಷ್ಟು ಜನ ಅಂತ ಹೇಳು. ಉಳಿದ ಹುಡುಗರೂ ಯಾರಾದರೂ ಈ ಕಡೆ ಇದ್ದರೆ ಮೆಸೇಜ್ ಹಾಕಿ.

ಮಲ್ಲಿಗೆ ಸ್ಟುಟ್‌ಗಾರ್ಟ್

ತುಂಗೆಯ ಮಗಳೇ, ಇನ್ನೊಂದು. ಮಂಗಳವಾರ ಮಗಳ ಶಾಲೆಯ ಮೊದಲ ದಿನಕ್ಕೆ ಶುಲ್‌ಟ್ಯೂಟೆ ತಯಾರಾಗಿದೆಯಾ? ಬಣ್ಣದ ಕಾಗದದ ದೊಡ್ಡ ಕೋನ್, ಮಗುವಿನ ಎದೆಯವರೆಗೆ ಬರುತ್ತೆ. ಒಳಗೆ ಪೆನ್ಸಿಲ್, ಬಣ್ಣ, ಸಿಹಿ ತುಂಬಿಸಿ ಕೊಡುತ್ತಾರೆ. ಎಲ್ಲ ಮಕ್ಕಳ ಕೈಯಲ್ಲೂ ಇರುತ್ತೆ. ಇಲ್ಲದಿದ್ದರೆ ಮಗುವಿಗೆ ಅಳುವೇ ಬರುತ್ತೆ. ಹಬ್ಬದ ಗಡಿಬಿಡಿಯಲ್ಲಿ ಬಿಟ್ಟುಬಿಡಬೇಡಿ, ಇದನ್ನೂ ಶನಿವಾರದೊಳಗೆ ಮುಗಿಸಿ.

ತುಂಗೆಯ ಮಗಳು

ಕೋನ್ ಕಿಂಡರ್‌ಗಾರ್ಟನ್‌ನಲ್ಲೇ ಮಾಡಿಸಿದ್ದಾರೆ, ತುಂಬಿಸುವುದು ಬಾಕಿ. ಅತ್ತೆ ಅದರಲ್ಲಿ ಪಂಚಕಜ್ಜಾಯ ಹಾಕುತ್ತೇನೆ ಅಂತಿದ್ದಾರೆ. ಶಾಲೆಗೆ ತಗೊಂಡು ಹೋಗಬಹುದಾ?

ಮಲ್ಲಿಗೆ ಸ್ಟುಟ್‌ಗಾರ್ಟ್

ಧಾರಾಳವಾಗಿ ಹಾಕಿ, ಅದನ್ನು ಮನೆಗೆ ಬಂದೇ ಬಿಚ್ಚೋದು. ಮುಚ್ಚಳ ಗಟ್ಟಿ ಇರುವ ಸಣ್ಣ ಡಬ್ಬಿಯಲ್ಲಿ ಹಾಕಿ, ಇಲ್ಲದಿದ್ದರೆ ಸಕ್ಕರೆ-ಎಳ್ಳು ಎಲ್ಲ ಪೆನ್ಸಿಲ್‌ಗೆ ಅಂಟುತ್ತೆ. ಕ್ಲಾಸಿನಲ್ಲಿ ಹಂಚುವುದಾದರೆ ಟೀಚರನ್ನು ಕೇಳಿ. ಕಡಲೆ, ಗೋಡಂಬಿ ಅಲರ್ಜಿ ಇರುವ ಮಕ್ಕಳು ಇರಬಹುದು.

ಇಸಾರ್ ದಂಡೆ

ಹಾಲ್‌ನವರ ಜೊತೆ ಈಗಷ್ಟೇ ಮಾತಾಡಿದೆ. 13ರ ಭಾನುವಾರ ಅದೇ ಹಾಲ್ ಖಾಲಿ ಇಲ್ಲವಂತೆ. ಮಧ್ಯಾಹ್ನ ಎರಡರ ಮೇಲೆ ಪಕ್ಕದ ಸಣ್ಣ ಕೋಣೆ ಕೊಡುತ್ತಾರಂತೆ, ಬೆಂಕಿ ಹಚ್ಚುವ ಹಾಗಿಲ್ಲ, ಆರತಿಗೆ ಬ್ಯಾಟರಿ ದೀಪ. ಹೂಂ ಅನ್ನೋಣವಾ? ನಾಳೆ ಸಂಜೆಯೊಳಗೆ ಹೇಳಬೇಕು.

ಧಾರವಾಡದಾಕಿ

ಬ್ಯಾಟರಿ ದೀಪಕ್ಕ ನಾನು ಒಪ್ಪೋದಿಲ್ಲ. ಆರತಿ ಮನಿಯೊಳಗ ಮಾಡಿ, ಕೋಣಿಗೆ ಊಟಕ್ಕ ಮಾತ್ರ ಬರ್ರಿ.

ಪಂಚಾಂಗ ಪ್ರಿಯ

ಇದಕ್ಕೆ ನಾನು ಅಕ್ಕನ ಕಡೆ.

ಇಸಾರ್ ದಂಡೆ

ಸರಿ, ಊಟಕ್ಕೆ ಅಂತಲೇ ಬುಕ್ ಮಾಡುತ್ತೇನೆ. ಯಾರು ಏನು ತರುತ್ತೀರಿ ಬರೆಯಿರಿ. ನಮ್ಮ ಮನೆಯಿಂದ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ.

ತುಂಗೆಯ ಮಗಳು

ನಮ್ಮ ಮನೆಯಿಂದ ಒಬ್ಬಟ್ಟು. ಅತ್ತೆ ಈಗಲೇ ಎಷ್ಟು ಜನ ಅಂತ ಕೇಳುತ್ತಿದ್ದಾರೆ. ಬೇಳೆ ಶನಿವಾರ ತರಬೇಕಲ್ಲ, ಸಂಖ್ಯೆ ಬೇಗ ಹೇಳಿ.